ಕಾಡುಹಂದಿ ಹೊಡೆಯಲು ಅನುಮತಿ: ಸಿಗುವುದು ಎಷ್ಟರಮಟ್ಟಿಗೆ, ತಗಲುವುದು ಎಷ್ಟು

ಶುಲ್ಕ ಕಟ್ಟಿ, ಪರವಾನಗಿ ಪಡೆದು ದೊಡ್ಡ ಪ್ರಾಣಿಗಳನ್ನು ಬೇಟೆಯಾಡುವ ಪದ್ಧತಿ ಭಾರತದಲ್ಲಿ ಮುಗಿದುಹೋಗಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ರೈತ ಇಂದು ಬೆಳೆ ತಿನ್ನುವ ಕಾಡುಪ್ರಾಣಿಯನ್ನು ಕಾನೂನಿನ ಒಳಗೇ ಇದ್ದು ಹೊಡೆಯಬೇಕೆಂದರೆ ಉಳಿದಿರುವ ದಾರಿ ಒಂದೇ. ಆ ಪ್ರಾಣಿ ಜನರ ಜೀವಕ್ಕೋ ಬೆಳೆಗೋ ಅಪಾಯ ತಂದಿದೆ ಎಂಬುದನ್ನು ಅರಣ್ಯ ಇಲಾಖೆಗೆ ಮನವರಿಕೆ ಮಾಡಿಕೊಟ್ಟು ಲಿಖಿತ ಆದೇಶ ಪಡೆಯಬೇಕು. ಈ ಆದೇಶ ಯಾವ ಪ್ರಾಣಿಗೆ ಸಿಗಬಹುದು, ಯಾವುದಕ್ಕೆ ಸಿಗುವುದೇ ಇಲ್ಲ, ಅದಕ್ಕಾಗಿ ರೈತ ಏನೇನು ತೆರಬೇಕು ಎಂಬುದು ಮೊದಲೇ ಗೊತ್ತಿದ್ದರೆ ಎಷ್ಟೋ ಓಡಾಟ ತಪ್ಪುತ್ತದೆ.

ಪರವಾನಗಿಯ ಕಾಲವೂ ಈ ಸೀಮೆಗೆ ಹೊಸದಲ್ಲ. ಮೈಸೂರು ಸಂಸ್ಥಾನ 1901ರಲ್ಲಿಯೇ ಬೇಟೆ ಮತ್ತು ಮೀನುಗಾರಿಕೆಯನ್ನು ಹತೋಟಿಯಲ್ಲಿಡಲು ಒಂದು ಶಾಸನ ಮಾಡಿತ್ತು. ಸರ್ಕಾರಿ ಕಾಡಿನಲ್ಲಿ ಬಂದೂಕು ಹಿಡಿದು ಓಡಾಡಲು ಅಪ್ಪಣೆ ಬೇಕಿತ್ತು. ಅದೇ ಹೊತ್ತಿನಲ್ಲಿ ಹುಲಿ, ಚಿರತೆಗಳನ್ನು ಕೊಂದವರಿಗೆ ಸರ್ಕಾರದಿಂದ ಬಹುಮಾನವೂ ಸಿಗುತ್ತಿತ್ತು. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕದ ಒಂದು ಅಧ್ಯಾಯದ ಹೆಸರೇ ಹೊಸದುರ್ಗ–ಹೊಳಲ್ಕೆರೆಯ ನರಭಕ್ಷಕ ಹುಲಿಯದು. ಆಂಡರ್ಸನ್ ಬರೆದ ಬೇಟೆಯ ಕಥೆಗಳನ್ನು ಕನ್ನಡದ ಓದುಗರಿಗೆ ಹತ್ತಿರ ಮಾಡಿದವರು ಪೂರ್ಣಚಂದ್ರ ತೇಜಸ್ವಿ. ಇಂದು ಮೆಕ್ಕೆಜೋಳ, ಅಡಿಕೆಗೆ ಹೆಸರಾದ ಈ ತಾಲ್ಲೂಕುಗಳ ಗುಡ್ಡಗಳಲ್ಲಿ ಹುಲಿ ಓಡಾಡುತ್ತಿದ್ದ ಕಾಲ ಅಷ್ಟೇನೂ ದೂರದ್ದಲ್ಲ.

ಹುಲಿ ಬೇಟೆಗೆ ದೇಶದಾದ್ಯಂತ 1970ರಲ್ಲಿ ನಿಷೇಧ ಬಂತು. ಎರಡು ವರ್ಷದ ಮೇಲೆ ಬಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ಒಮ್ಮೆಲೇ ನಿಲ್ಲಿಸಿತೆಂದು ಅನೇಕರು ತಿಳಿದಿದ್ದಾರೆ. ಆದರೆ ಮೂಲ ಕಾಯ್ದೆಯಲ್ಲಿ ವಿಶೇಷ ಬೇಟೆ, ದೊಡ್ಡ ಬೇಟೆ, ಸಣ್ಣ ಬೇಟೆ, ಬಲೆ ಹಾಕಿ ಹಿಡಿಯುವುದು ಎಂದು ನಾಲ್ಕು ಬಗೆಯ ಲೈಸೆನ್ಸ್‌ಗಳಿಗೆ ಅವಕಾಶವಿತ್ತು. ಯಾವ ಪ್ರಾಣಿ ಯಾವ ಲೈಸೆನ್ಸಿಗೆ ಸೇರುತ್ತದೆ ಎಂಬುದಕ್ಕೆ ಬೇರೆ ಬೇರೆ ಅನುಸೂಚಿಗಳೂ ಇದ್ದವು. 1991ರ ತಿದ್ದುಪಡಿ ಈ ಕಲಂಗಳನ್ನೆಲ್ಲ ತೆಗೆದುಹಾಕಿತು. ಹವ್ಯಾಸಕ್ಕಾಗಿ ಆಡುವ ಬೇಟೆಯ ಬಾಗಿಲು ನಿಜವಾಗಿ ಮುಚ್ಚಿದ್ದು ಆಗ.

ಆ ಬಾಗಿಲು ಇನ್ನೂ ತೆರೆದಿರುವ ದೇಶಗಳಲ್ಲಿ ಲೆಕ್ಕ ಬೇರೆ. ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಪ್ರತಿ ಪ್ರದೇಶದಲ್ಲಿ ಈ ವರ್ಷ ಎಷ್ಟು ಪ್ರಾಣಿಗಳನ್ನು ಹೊಡೆಯಬಹುದು ಎಂದು ರಾಜ್ಯದ ವನ್ಯಜೀವಿ ಇಲಾಖೆ ನಿಗದಿ ಮಾಡಿ, ಅಷ್ಟೇ ಸಂಖ್ಯೆಯ ‘ಟ್ಯಾಗ್’ಗಳನ್ನು ಕೊಡುತ್ತದೆ. ಬೇಡಿಕೆ ಹೆಚ್ಚಿರುವ ಪ್ರಾಣಿಗೆ ಲಾಟರಿ ಎತ್ತುತ್ತಾರೆ. ಅರಿಝೋನಾದಲ್ಲಿ ಹೊರರಾಜ್ಯದವರು ಲಾಟರಿಗೆ ಹೆಸರು ಕೊಡಲು ಮೊದಲು 160 ಡಾಲರಿನ ಲೈಸೆನ್ಸ್ ಕೊಳ್ಳಬೇಕು. ಹೆಸರು ಬರಲಿ, ಬಿಡಲಿ, ಆ ಹಣ ವಾಪಸ್ಸಿಲ್ಲ. ಬಿಗ್‌ಹಾರ್ನ್ ಎಂಬ ಕಾಡುಕುರಿಗೆ ಹೆಸರು ಬಂದರೆ ಟ್ಯಾಗಿಗೆ 1,800 ಡಾಲರ್, ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಹೆಚ್ಚು. ಹೊರಗಿನ ಅರ್ಜಿದಾರರಲ್ಲಿ ಈ ಕುರಿಯ ಟ್ಯಾಗ್ ಸಿಗುವುದು ನೂರಕ್ಕೊಬ್ಬರಿಗೂ ಕಷ್ಟ. ಕೊಲೊರಾಡೊದಲ್ಲಿ ಪ್ರತಿ ವರ್ಷ ಸೋತವರಿಗೆ ಒಂದೊಂದು ಅಂಕ ಜಮೆಯಾಗುತ್ತದೆ. ಎಲ್ಕ್ ಜಿಂಕೆಯ ಕೆಲವು ಹೆಸರಾಂತ ಪ್ರದೇಶಗಳಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಅಂಕ ಕೂಡಿಸಬೇಕು. ಹೀಗೆ ಬಂದ ಹಣ ಇಲಾಖೆಯ ಕೆಲಸಕ್ಕೇ ಹೋಗುತ್ತದೆ. ಅದರ ಜೊತೆಗೆ 1937ರ ಒಂದು ಕಾಯ್ದೆಯಂತೆ ಬಂದೂಕು, ಮದ್ದುಗುಂಡುಗಳ ಮೇಲೆ ವಸೂಲಾಗುವ ತೆರಿಗೆಯೂ ವನ್ಯಜೀವಿಗಳ ಪಾಲನೆಗೆ ಬರುತ್ತದೆ. ಪಾಕಿಸ್ತಾನದಲ್ಲಿ ಮಾರ್ಖೋರ್ ಎಂಬ ಬೆಟ್ಟದ ಮೇಕೆಯ ಪರವಾನಗಿಗಳನ್ನು ಹರಾಜು ಹಾಕಿ, ಹಣದ ಶೇ. 80 ಭಾಗವನ್ನು ಅಲ್ಲಿನ ಹಳ್ಳಿಗಳಿಗೆ ಕೊಡುತ್ತಾರೆ. ಪ್ರಾಣಿಯನ್ನು ಕಾಯುವ ಹಳ್ಳಿಗೇ ಅದರ ಲಾಭ ಮುಟ್ಟಬೇಕೆಂಬ ಈ ಮಾತು ಬೇಟೆಯನ್ನು ಒಪ್ಪದವರೂ ಯೋಚಿಸಬೇಕಾದದ್ದು.

ಭಾರತದ ಕಾನೂನು ಹಿಡಿದಿರುವುದು ಬೇರೆ ದಾರಿ. ಇಲ್ಲಿ ಅನುಮತಿ ಹುಟ್ಟುವುದು ಬೇಟೆಗಾರನ ಆಸೆಯಿಂದಲ್ಲ, ಪ್ರಾಣಿಯಿಂದ ಆದ ಹಾನಿಯಿಂದ. ಕಾಯ್ದೆಯ 9ನೇ ಕಲಂ ಬೇಟೆಯನ್ನು ನಿಷೇಧಿಸುತ್ತದೆ, 11ನೇ ಕಲಂ ಅದಕ್ಕೆ ಅಪವಾದ ಕೊಡುತ್ತದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಕಾಡುಪ್ರಾಣಿಗಳು ಮುಖ್ಯವಾಗಿ ಎರಡು ಅನುಸೂಚಿಗಳಲ್ಲಿವೆ. ಮೊದಲನೆಯದು ಅತಿ ಹೆಚ್ಚು ರಕ್ಷಣೆಯದು, ಎರಡನೆಯದು ಅದಕ್ಕಿಂತ ಸಡಿಲ. ರೈತನ ಅದೃಷ್ಟ ನಿರ್ಧಾರವಾಗುವುದು ಅವನ ಹೊಲಕ್ಕೆ ಬಂದ ಪ್ರಾಣಿ ಈ ಎರಡರಲ್ಲಿ ಯಾವುದರಲ್ಲಿದೆ ಎಂಬುದರ ಮೇಲೆ.

ಚಿರತೆ, ಕರಡಿ, ಕೃಷ್ಣಮೃಗ, ನವಿಲು ಮೊದಲನೆಯ ಅನುಸೂಚಿಯವು. ಇಂಥ ಪ್ರಾಣಿಯನ್ನು ಕೊಲ್ಲಲು ಅಪ್ಪಣೆ ಕೊಡಬಲ್ಲವರು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಮಾತ್ರ. ಅವರೂ ಅದು ಮನುಷ್ಯರ ಜೀವಕ್ಕೆ ಅಪಾಯಕಾರಿಯಾಗಿದ್ದರೆ, ಇಲ್ಲವೇ ವಾಸಿಯಾಗದಷ್ಟು ಊನವೋ ರೋಗವೋ ತಗಲಿದ್ದರೆ ಮಾತ್ರ ಕೊಡಬಹುದು. ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆಗೆ ಸಾಗಿಸಲು ಸಾಧ್ಯವಿಲ್ಲ ಎಂಬುದು ಮೊದಲು ಖಚಿತವಾಗಬೇಕು. ಇಲ್ಲಿ ಬೆಳೆಹಾನಿ ಕಾರಣವೇ ಅಲ್ಲ. ಬಿತ್ತಿದ ಶೇಂಗಾ ಬೀಜವನ್ನು ನವಿಲು ಕೆದಕಿ ತಿಂದರೂ, ಮೊಳಕೆಯನ್ನು ಕೃಷ್ಣಮೃಗದ ಹಿಂಡು ಮೇಯ್ದರೂ ಅವನ್ನು ಕೊಲ್ಲಲು ಅನುಮತಿ ಸಿಗುವ ಸಾಧ್ಯತೆ ಸೊನ್ನೆ. ಜೋಗಿಮಟ್ಟಿ ಕಾಡಿನ ಸುತ್ತ ಊರೊಳಗೆ ನುಗ್ಗುವ ಕರಡಿಯ ವಿಷಯದಲ್ಲಿಯೂ ಇಲಾಖೆ ಬೋನು, ಅರಿವಳಿಕೆಗಳ ಮೊರೆ ಹೋಗುವುದು ಇದೇ ಕಾರಣಕ್ಕೆ.

ಕಾಡುಹಂದಿ ಎರಡನೆಯ ಅನುಸೂಚಿಗೆ ಸೇರಿದ್ದು. ಇದರ ವಿಷಯದಲ್ಲಿ ನಿಂತ ಬೆಳೆಯ ಹಾನಿಯೂ ಸಾಕಷ್ಟು ಕಾರಣವೆಂದು ಕಾನೂನು ಒಪ್ಪುತ್ತದೆ. ಅಪ್ಪಣೆ ಕೊಡುವ ಅಧಿಕಾರ ಬೆಂಗಳೂರಿನಲ್ಲಿ ಕೂರುವ ಮುಖ್ಯ ಪರಿಪಾಲಕರಿಗಷ್ಟೇ ಅಲ್ಲ, ಅದಕ್ಕಾಗಿ ನೇಮಿಸಿದ ಅಧಿಕಾರಿಗೂ ಇದೆ. ಆದೇಶ ಬರವಣಿಗೆಯಲ್ಲಿರಬೇಕು, ಕಾರಣ ಹೇಳಬೇಕು, ಯಾವ ಪ್ರದೇಶಕ್ಕೆ ಎಂದು ಗುರುತಿಸಬೇಕು. ಒಂದು ಪ್ರಾಣಿಗೂ ಕೊಡಬಹುದು, ಒಂದು ಹಿಂಡಿಗೂ ಕೊಡಬಹುದು. ಈ ಕಲಮಿನಲ್ಲಿ ಶುಲ್ಕದ ಮಾತೇ ಇಲ್ಲ. ಕಾಗದದ ಮೇಲೆ ನೋಡಿದರೆ ಅಮೆರಿಕದ ಟ್ಯಾಗಿಗಿಂತ ಇದು ಸುಲಭ, ಅಗ್ಗ.

ತೊಡಕಿರುವುದು ಕಾಲದಲ್ಲಿ. ಜೂನ್–ಜುಲೈನಲ್ಲಿ ಬಿತ್ತಿದ ಶೇಂಗಾ ನಾಲ್ಕು ತಿಂಗಳೊಳಗೆ ಕೀಳಬೇಕು. ಕಾಯಿ ಬಲಿಯುವಾಗಲೇ ಹಂದಿ ಬರುತ್ತದೆ; ಮೆಕ್ಕೆಜೋಳದ ತೆನೆ ಹಾಲುಗಟ್ಟುವ ಹೊತ್ತೂ ಅದಕ್ಕೆ ಗೊತ್ತು. ಕೆರೆಯಂಗಳ, ಹಳ್ಳಗಳಲ್ಲಿ ಬೆಳೆದ ಬಳ್ಳಾರಿ ಜಾಲಿಯ ಪೊದೆಯಲ್ಲಿ ಹಗಲೆಲ್ಲ ಅಡಗಿದ್ದು, ರಾತ್ರಿ ಹಿಂಡಾಗಿ ಹೊರಡುತ್ತದೆ. ತಿನ್ನುವುದಕ್ಕಿಂತ ಮೂತಿಯಿಂದ ಉತ್ತು, ತುಳಿದು ಕೆಡಿಸುವುದೇ ಹೆಚ್ಚು. ಒಂದು ಸೂಲಿಗೆ ನಾಲ್ಕಾರು ಮರಿ ಹಾಕುವ ಈ ಪ್ರಾಣಿಗೆ ಹುಲಿಯಿಲ್ಲದ ಸೀಮೆಯಲ್ಲಿ ಶತ್ರುಗಳೂ ಕಡಿಮೆ. ಅರ್ಜಿ, ಸ್ಥಳ ಪರಿಶೀಲನೆ, ವರದಿ, ಆದೇಶ ಎಂದು ಕಾಗದ ಸುತ್ತಿ ಬರುವಷ್ಟರಲ್ಲಿ ಕಾಯಲು ಬೆಳೆಯೇ ಉಳಿದಿರುವುದಿಲ್ಲ. ಕೊಯ್ಲು ಮುಗಿದ ಮೇಲೆ ಬಂದ ಅನುಮತಿಯಿಂದ ರೈತನಿಗೆ ಕಿಲುಬು ಕಾಸಿನ ಪ್ರಯೋಜನವಿಲ್ಲ. ಕೇರಳ 2022ರಲ್ಲಿ ಪಂಚಾಯಿತಿ ಮತ್ತು ನಗರಸಭೆಗಳ ಮುಖ್ಯಸ್ಥರಿಗೇ ಈ ಅಧಿಕಾರ ಹಂಚಿದ್ದು ಈ ವಿಳಂಬವನ್ನು ತಪ್ಪಿಸಲೆಂದೇ. ಕರ್ನಾಟಕದಲ್ಲೂ ನಿರ್ಧಾರ ತಾಲ್ಲೂಕಿನ ಮಟ್ಟದಲ್ಲಿ, ವಾರದೊಳಗೆ ಆಗುವಂತಿದ್ದರೆ ಮಾತ್ರ 11ನೇ ಕಲಮಿಗೆ ಹೊಲದಲ್ಲಿ ಬೆಲೆ ಬಂದೀತು.

ಅನುಮತಿ ಸಿಕ್ಕಿದರೂ ಹೊಡೆಯಲು ಬಂದೂಕು ಬೇಕು. ಇದು ಇನ್ನೊಂದು ಅರ್ಜಿ, ಇನ್ನೊಂದು ಕಚೇರಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ರಕ್ಷಣೆಗಾಗಿ ಮದ್ದು ತುಂಬುವ ನಳಿಗೆಯ ಬಂದೂಕಿಗೆ ಲೈಸೆನ್ಸ್ ಕೊಡಲು ಅವಕಾಶವಿದೆ. ಅದು ಸಾಲದು ಎಂದು ಕಂಡುಬಂದರೆ ಬೇರೆ ಬಗೆಯ ಸಾದಾ ನಳಿಗೆಯ ಬಂದೂಕಿಗೂ ಕೊಡಬಹುದು. ಅರ್ಜಿ ಹೋಗುವುದು ಜಿಲ್ಲಾಡಳಿತಕ್ಕೆ, ವರದಿ ಕೊಡುವುದು ಪೊಲೀಸರು. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಚುನಾವಣೆ ಬಂತೆಂದರೆ ಬಂದೂಕನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ, ಆ ತಿಂಗಳುಗಳಲ್ಲಿ ಹಂದಿ ಬಂದರೂ ತಮಟೆ, ಪಟಾಕಿಯೇ ಗತಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಲಾಗಿದೆ, ಆದರೆ ಅದು ಬಂದೂಕು ಇಟ್ಟುಕೊಳ್ಳಲು ಮಾತ್ರ. ಬಂದೂಕಿನ ಲೈಸೆನ್ಸ್ ಬೇರೆ, ಪ್ರಾಣಿಯನ್ನು ಕೊಲ್ಲುವ ಅಪ್ಪಣೆ ಬೇರೆ. ಮೊದಲನೆಯದು ಕೈಯಲ್ಲಿದೆ ಎಂದು ಎರಡನೆಯದಿಲ್ಲದೆ ಹೊಡೆದವರು ಕೋರ್ಟು ಅಲೆಯಬೇಕಾಗುತ್ತದೆ.

ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಕೊಂದರೆ ಅದು ಅಪರಾಧವಲ್ಲ ಎಂದು ಅದೇ 11ನೇ ಕಲಂ ಹೇಳುತ್ತದೆ. ಆದರೆ ಹಾಗೆ ಸತ್ತ ಪ್ರಾಣಿ ಸರ್ಕಾರದ ಸೊತ್ತು. ಮಾಂಸ ಹಂಚಿಕೊಂಡರೆ, ಮಾರಿದರೆ ಅದು ಹೊಸ ಅಪರಾಧವಾಗುತ್ತದೆ.

ಬಂದೂಕಿನ ದಾರಿ ಉದ್ದವೆಂದು ಅಡ್ಡದಾರಿ ಹಿಡಿಯುವುದೇ ಅತ್ಯಂತ ದುಬಾರಿ. ಉರುಳು ಹಾಕುವುದು, ವಿಷ ಇಡುವುದು, ಸಿಡಿಮದ್ದು ಹೂಳುವುದು, ಇವೆಲ್ಲ ಕಾನೂನಿನ ಕಣ್ಣಿಗೆ ಬೇಟೆಯೇ. ಪ್ರಾಣಿ ಸಾಯದೆ ಬರೀ ಪ್ರಯತ್ನ ನಡೆದಿದ್ದರೂ ಸಾಕು. ಹಂದಿಗೆಂದು ಬೇಲಿಗೆ ಕಟ್ಟಿದ ಬ್ರೇಕ್ ವೈರಿನ ಉರುಳಿಗೆ ಚಿರತೆ, ಕರಡಿಗಳು ಸಿಕ್ಕಿ ನರಳುವುದು ರಾಜ್ಯದಲ್ಲಿ ಮತ್ತೆ ಮತ್ತೆ ನಡೆಯುತ್ತದೆ. ಹಂದಿಯನ್ನು ಕೊಂದ ಸಾಮಾನ್ಯ ಪ್ರಕರಣದಲ್ಲಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಸತ್ತದ್ದು ಮೊದಲನೆಯ ಅನುಸೂಚಿಯ ಪ್ರಾಣಿಯಾಗಿದ್ದರೆ, ಅಥವಾ ನಡೆದದ್ದು ವನ್ಯಜೀವಿ ಧಾಮದೊಳಗಾದರೆ, ಮೂರು ವರ್ಷಕ್ಕೆ ಕಡಿಮೆಯಿಲ್ಲದೆ ಏಳು ವರ್ಷದವರೆಗೆ ಜೈಲು, ದಂಡ 25 ಸಾವಿರಕ್ಕಿಂತ ಕಡಿಮೆಯಿಲ್ಲ. ನೇರ ವಿದ್ಯುತ್ ಹರಿಸಿದ ತಂತಿಗೆ ಪಕ್ಕದ ಹೊಲದವರೋ ಮನೆಯ ಮಕ್ಕಳೋ ತಗಲಿದರೆ ಆ ನಷ್ಟಕ್ಕೆ ಲೆಕ್ಕವೇ ಇಲ್ಲ. ಸೋಲಾರ್ ಬೇಲಿ ಇದಕ್ಕಿಂತ ಪೂರ್ತಿ ಬೇರೆ: ಅದರಲ್ಲಿ ಹರಿಯುವುದು ಕ್ಷಣಮಾತ್ರದ ಮಿಡಿತ, ಅದು ಬೆದರಿಸುತ್ತದೆ, ಕೊಲ್ಲುವುದಿಲ್ಲ.

ಕೊಲ್ಲುವ ಅನುಮತಿಗಿಂತ ರೈತನ ಕೈಗೆ ಹತ್ತಿರವಿರುವುದು ಪರಿಹಾರದ ಅರ್ಜಿ. ಕಾಡುಪ್ರಾಣಿಗಳಿಂದಾದ ಬೆಳೆಹಾನಿಗೆ ಅರಣ್ಯ ಇಲಾಖೆ ಬೆಳೆವಾರು ದರದಲ್ಲಿ ಹಣ ಕೊಡುತ್ತದೆ. ಅರ್ಜಿಗಳು ‘ಇ-ಪರಿಹಾರ’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಸಾಗುತ್ತವೆ. 2022ರ ಕೊನೆಯಲ್ಲಿ ರಾಜ್ಯ ಈ ದರಗಳನ್ನು ಇಮ್ಮಡಿ ಮಾಡಿತು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಹಾನಿಯಾದ ಜಾಗದ ಫೋಟೊ ಸಿದ್ಧವಿರಬೇಕು, ಹೆಜ್ಜೆ ಗುರುತು ಅಳಿಯುವ ಮೊದಲೇ ವಲಯ ಅರಣ್ಯಾಧಿಕಾರಿಯ ಕಚೇರಿಗೆ ದೂರು ಮುಟ್ಟಬೇಕು. ಪಹಣಿ ಇನ್ನೂ ತಾತನ ಹೆಸರಿನಲ್ಲಿರುವ ಮನೆಗಳು, ಗುತ್ತಿಗೆಗೆ ಮಾಡುವವರು ಇಲ್ಲಿ ಸೋಲುತ್ತಾರೆ. ಬೆಳೆ ಹಾಳಾದದ್ದು ಉತ್ತು ಬಿತ್ತಿದವನದು, ಕಾಗದ ಇನ್ನೊಬ್ಬರದು. ಈ ಅನ್ಯಾಯ ಸರಿಯಾಗದೆ ದರ ಎಷ್ಟು ಏರಿದರೂ ಬಡವನಿಗೆ ಮುಟ್ಟದು. ಬಂಡೀಪುರ, ನಾಗರಹೊಳೆ ಸುತ್ತಲಿನ ಹಳ್ಳಿಗಳಲ್ಲಿ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆ 2015ರಿಂದ ಫೋನ್ ಕರೆಗೆ ಓಗೊಟ್ಟು, ಸ್ಥಳಕ್ಕೆ ಬಂದು ಅರ್ಜಿ ತುಂಬಿಕೊಡುತ್ತಿದೆ. ಚಿತ್ರದುರ್ಗದ ಕಡೆಗೂ ಅಂಥದ್ದೊಂದು ನೆರವು ತುರ್ತಾಗಿ ಬೇಕಾಗಿದೆ.

ಇನ್ನೊಂದು ಬಾಗಿಲು ಬೆಳೆ ವಿಮೆಯದು. ಫಸಲ್ ಬಿಮಾ ಯೋಜನೆಯಲ್ಲಿ ರೈತ ವಿಮಾ ಮೊತ್ತದ ಮೇಲೆ ಮುಂಗಾರು ಬೆಳೆಗೆ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ. 5 ಕಟ್ಟುತ್ತಾನೆ. ಕಾಡುಪ್ರಾಣಿಗಳ ಹಾನಿಯನ್ನು 2026ರ ಮುಂಗಾರಿನಿಂದ ಹೆಚ್ಚುವರಿ ರಕ್ಷಣೆಯಾಗಿ ಸೇರಿಸುವುದಾಗಿ ಕೇಂದ್ರ ಸರ್ಕಾರ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಯಾವ ಪ್ರಾಣಿ, ಯಾವ ಜಿಲ್ಲೆ ಎಂಬುದನ್ನು ರಾಜ್ಯ ಸರ್ಕಾರ ಅಧಿಸೂಚಿಸಬೇಕು. ಹಾನಿಯಾದ 72 ಗಂಟೆಯೊಳಗೆ ಸ್ಥಳದ ಗುರುತಿರುವ ಫೋಟೊ ಸಹಿತ ಬೆಳೆ ವಿಮೆ ಆ್ಯಪ್‌ನಲ್ಲಿ ರೈತ ದೂರು ದಾಖಲಿಸಬೇಕು. ಹೊಳಲ್ಕೆರೆಯ ಅಡಿಕೆಗೆ ಇರುವುದು ಹವಾಮಾನ ಆಧಾರಿತ ವಿಮೆ. ಮಳೆ, ಬಿಸಿಲಿನ ಅಳತೆಯ ಮೇಲೆ ನಡೆಯುವ ಆ ವಿಮೆಗೆ ಹಂದಿಯ ಹಾವಳಿ ಲೆಕ್ಕಕ್ಕೆ ಬರುವುದಿಲ್ಲ. ಹಿರಿಯೂರು, ಚಳ್ಳಕೆರೆ ಕಡೆಯ ಶೇಂಗಾ, ಹೊಸದುರ್ಗದ ರಾಗಿ, ಚಿತ್ರದುರ್ಗದ ಮೆಕ್ಕೆಜೋಳ ಬೆಳೆಯುವವರು ಮಾತ್ರ ಬಿತ್ತನೆಗೆ ಮುಂಚೆಯೇ ತಮ್ಮ ಹೋಬಳಿ, ತಮ್ಮ ಬೆಳೆ, ತಮ್ಮ ಹೊಲಕ್ಕೆ ಬರುವ ಪ್ರಾಣಿ ಈ ಪಟ್ಟಿಯಲ್ಲಿ ಇವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿದು, ಕೊನೆಯ ದಿನಾಂಕದೊಳಗೆ ವಂತಿಗೆ ಕಟ್ಟಿರಬೇಕು.