ಉಮರ್(ರ)ರಿಗಿಂತ ಮೊದಲು ನಂಬಿದ ಇಬ್ಬರು

ಹಝ್ರತ್ ಉಮರ್(ರ)ರ ತಂದೆಯ ಹೆಸರೇನೆಂದು ಮದ್ರಸದ ಮಕ್ಕಳನ್ನು ಕೇಳಿದರೆ 'ಖತ್ತಾಬ್' ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಅವರ ಅಣ್ಣ ಯಾರೆಂದರೆ ಮೌನ. ಕಳೆದ ಜುಮಾ ಮುಗಿದ ಮೇಲೆ ಮುಂದಿನ ಸಫ್ಫಿನ ಹಿರಿಯರನ್ನೂ ನಾವು ಕೇಳಿ ನೋಡಿದೆವು. ಅಲ್ಲಿಯೂ ಅದೇ.

ಸಹೋದರಿ ಫಾತಿಮಾ ಬಿಂತ್ ಖತ್ತಾಬ್(ರ)ರ ಕಥೆ ಎಲ್ಲರಿಗೂ ಗೊತ್ತು, ಆದರೆ ಅರ್ಧ ಮಾತ್ರ. ಪ್ರವಾದಿವರ್ಯರನ್ನು(ಸ) ಕೊಲ್ಲಲು ಕತ್ತಿ ಹಿಡಿದು ಹೊರಟ ಉಮರ್, 'ಮೊದಲು ನಿನ್ನ ಮನೆಯವರನ್ನು ನೋಡಿಕೋ' ಎಂಬ ಮಾತು ಕೇಳಿ ಸಹೋದರಿಯ ಮನೆಗೆ ತಿರುಗುತ್ತಾರೆ. ಅಲ್ಲಿ ಖಬ್ಬಾಬ್(ರ) ತ್ವಾಹಾ ಸೂರಾ ಕಲಿಸುತ್ತಿದ್ದರು. ಉಮರ್ ಭಾವ ಸಈದ್(ರ)ರ ಮೇಲೆ ಕೈಮಾಡಿದಾಗ ಫಾತಿಮಾ ಅಡ್ಡ ಬಂದರು, ಏಟು ಬಿತ್ತು, ರಕ್ತ ಸುರಿಯಿತು. ನಾವು ಪ್ರಸಂಗದಲ್ಲಿ ಇಲ್ಲಿಂದ ನೇರ ಉಮರ್(ರ)ರ ಶಹಾದತ್ ಕಲಿಮಾಕ್ಕೆ ಹಾರಿಬಿಡುತ್ತೇವೆ. ಆಕೆ ಹೆದರಲಿಲ್ಲ. 'ಹೌದು, ನಂಬಿದ್ದೇವೆ, ಏನು ಬೇಕಾದರೂ ಮಾಡು' ಎಂದರು. ಉಮರ್ ಮೆತ್ತಗಾಗಿ ಆ ಹಾಳೆ ಕೇಳಿದಾಗಲೂ ಕೂಡಲೇ ಕೊಡಲಿಲ್ಲ. ಮೊದಲು ಸ್ನಾನ ಮಾಡಿ ಶುದ್ಧನಾಗು ಎಂದರು. ಪೆಟ್ಟು ತಿಂದವರು ಷರತ್ತು ಹಾಕಿದರು, ಹೊಡೆದವರು ಪಾಲಿಸಿದರು.

ಇನ್ನು ಅಣ್ಣ ಝೈದ್ ಬಿನ್ ಖತ್ತಾಬ್(ರ). ತಾಯಿ ಬೇರೆ, ತಂದೆ ಒಬ್ಬರೇ. ಉಮರ್(ರ)ರಂತೆಯೇ ಬಹಳ ಎತ್ತರದ ಆಳು. ಇಸ್ಲಾಮ್ ಸ್ವೀಕರಿಸಿದ್ದೂ ಅವರಿಗಿಂತ ಮೊದಲು. ಉಹುದ್‌ನ ದಿನ ಉಮರ್(ರ) ತನ್ನ ಕವಚವನ್ನು ಅಣ್ಣನಿಗೆ ಕೊಡಲು ಹೋದರು. ನೀನು ಬಯಸುವ ಶಹಾದತ್ ನನಗೂ ಬೇಕು ಎಂದು ಝೈದ್(ರ) ತೆಗೆದುಕೊಳ್ಳಲಿಲ್ಲ. ಕೊನೆಗೆ ಇಬ್ಬರೂ ಅದನ್ನು ಬಿಟ್ಟೇ ಹೋದರು. (ಜಾಗದ ತಕರಾರು ಹಿಡಿದು ನಮ್ಮ ಬಳಿಗೆ ಬರುವ ಅಣ್ಣತಮ್ಮಂದಿರನ್ನು ಕಂಡಾಗೆಲ್ಲ ನಮಗೆ ಆ ಕವಚದ ನೆನಪಾಗುತ್ತದೆ. ಅಕ್ಕತಂಗಿಯರ ಪಾಲಿನ ಮಾತು ಬಂದರಂತೂ ಅವರಿಬ್ಬರೂ ಒಂದಾಗಿಬಿಡುತ್ತಾರೆ!)

ಪ್ರವಾದಿವರ್ಯರ(ಸ) ವಫಾತಿನ ಬಳಿಕ, ಕ್ರಿ.ಶ. 633ರ ಸುಮಾರಿಗೆ, ಸುಳ್ಳು ಪ್ರವಾದಿ ಮುಸೈಲಿಮನ ವಿರುದ್ಧ ಯಮಾಮದಲ್ಲಿ ಯುದ್ಧವಾಯಿತು. ಮುಹಾಜಿರ್‌ಗಳ ಧ್ವಜ ಝೈದ್(ರ)ರ ಕೈಯಲ್ಲಿತ್ತು. ಸೈನ್ಯ ಹಿಂದೆ ಸರಿದಾಗಲೂ ಅವರು ಮುನ್ನುಗ್ಗಿ ಶಹೀದರಾದರು. ಕುರ್‌ಆನ್ ಕಂಠಪಾಠವಿದ್ದ ಅನೇಕ ಸಹಾಬಿಗಳು ಅಲ್ಲಿ ಮಡಿದರು. ಕುರ್‌ಆನನ್ನು ಒಂದೆಡೆ ಬರೆದಿಡಬೇಕೆಂದು ಖಲೀಫ ಅಬೂಬಕ್ಕರ್(ರ)ರನ್ನು ಒಪ್ಪಿಸಿದವರು ಉಮರ್(ರ). ಇದನ್ನು ನಾವು ಬಹಳ ಸಲ ಹೇಳಿದ್ದೇವೆ. ಹಾಗೆ ಒಪ್ಪಿಸಿದವರು ಅದೇ ಯುದ್ಧದಲ್ಲಿ ಅಣ್ಣನನ್ನು ಕಳೆದುಕೊಂಡಿದ್ದರೆಂದು ಮಾತ್ರ ಹೇಳಿರಲಿಲ್ಲ.

ಎರಡು ಒಳಿತುಗಳಲ್ಲಿ ಅಣ್ಣ ನನ್ನನ್ನು ಹಿಂದೆ ಹಾಕಿದ, ನನಗಿಂತ ಮೊದಲು ಇಸ್ಲಾಮಿಗೆ ಬಂದ, ನನಗಿಂತ ಮೊದಲು ಶಹೀದನಾದ ಎಂದು ಉಮರ್(ರ) ಹೇಳುತ್ತಿದ್ದರು. ಮೂಡಣ ಗಾಳಿ ಬೀಸಿದಾಗ ಝೈದ್‌ನ ಪರಿಮಳ ಬರುತ್ತದೆ ಎನ್ನುತ್ತಿದ್ದರು. ಯಮಾಮ ಮದೀನದ ಪೂರ್ವಕ್ಕಿದೆ.

ಝೈದ್(ರ)ರನ್ನು ಕೊಂದವನೆಂದು ಹೇಳಲಾಗುವ ಅಬೂ ಮರ್‌ಯಮ್ ಮುಂದೆ ಮುಸ್ಲಿಮನಾದ. ಅಷ್ಟರಲ್ಲಿ ಉಮರ್(ರ) ಖಲೀಫರಾಗಿದ್ದರು. ಭೂಮಿ ರಕ್ತವನ್ನು ಪ್ರೀತಿಸುವವರೆಗೂ ನಿನ್ನನ್ನು ಪ್ರೀತಿಸಲಾರೆ ಎಂದು ಅವನ ಮುಖಕ್ಕೇ ಹೇಳಿದರಂತೆ. ಅದಕ್ಕಾಗಿ ನನ್ನ ಹಕ್ಕು ತಪ್ಪಿಸುವಿರಾ ಎಂದು ಅವನು ಕೇಳಿದ. ಇಲ್ಲ ಎಂದರು ಉಮರ್(ರ). ಹಾಗಿದ್ದರೆ ಚಿಂತೆಯಿಲ್ಲ ಎಂದು ಅವನು ಎದ್ದು ಹೋದ.