ಮಣ್ಣೆತ್ತೂ ಪಿಕಾಸೊ ಗೂಳಿಯೂ

ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ರೋಣ, ನರಗುಂದ, ಗಜೇಂದ್ರಗಡದ ಕಡೆ ಮಕ್ಕಳ ಕೈಯೆಲ್ಲ ಮಣ್ಣು. ಒತ್ತಿದರೆ ಬೆನ್ನು, ಎಳೆದರೆ ಡುಬ್ಬ, ಚಿವುಟಿದರೆ ಕೋಡು.

ಜಗತ್ಪ್ರಸಿದ್ಧ ಚಿತ್ರಕಾರ ಪಾಬ್ಲೊ ಪಿಕಾಸೊ (1881–1973) ಕೂಡ ಇದೇ ಆಟ ಆಡಿದರು! 1947ರಲ್ಲಿ, 65ರ ವಯಸ್ಸಿನಲ್ಲಿ, ಫ್ರಾನ್ಸಿನ ಕುಂಬಾರರ ಊರು ವಲ್ಲೋರಿಸ್‌ನಲ್ಲಿ ಮಣ್ಣಿನ ಕೆಲಸಕ್ಕೆ ಕೂತರು. ತಿಗರಿಯಿಂದ ಇಳಿಸಿದ ಹಸಿ ಹೂಜಿಯ ಕುತ್ತಿಗೆ ಬಾಗಿಸಿ ಪಾರಿವಾಳ ಮಾಡಿದರು. ಗೂಬೆ, ಗೂಳಿಗಳನ್ನೂ ಮಾಡಿದರು. ಭಟ್ಟಿಯಲ್ಲಿ ಬೆಂದು ಗಟ್ಟಿಯಾದ ಅವು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ.

ನಮ್ಮ ಎತ್ತನ್ನು ಸುಡುವುದಿಲ್ಲ. ಪೂಜೆಯ ಬಳಿಕ ನೀರಿಗೆ ಬಿಟ್ಟರೆ ಮತ್ತೆ ಮಣ್ಣಾಗುತ್ತದೆ. ಅಚ್ಚಿನ ಪ್ಲಾಸ್ಟರ್ ಎತ್ತು ಕರಗುವುದಿಲ್ಲ. ನೂರಕ್ಕೆ ನೂರೂ ಒಂದೇ ಮುಖ. ಮಕ್ಕಳೇ, ಈ ಸಲ ಎತ್ತನ್ನು ನೀವೇ ಮಾಡಿ. ಕೋಡು ಡೊಂಕಾದರೂ ಅದರ ಮೇಲೆ ನಿಮ್ಮ ಬೆರಳಿನ ಗುರುತಿರುತ್ತದೆ.