ರೋಗಿಗೆ ಬೊಂಡ ಒಯ್ಯುವ ಮೊದಲು...
ರಕ್ತದ ಉಪ್ಪು, ಜೀವಕೋಶದ ಉಪ್ಪು ಮತ್ತು ಬೆಳಗುವ ನ್ಯಾನೋ ಕಣಗಳ ಕುರಿತು

ಕಳೆದ ವರ್ಷ ನಮ್ಮ ಮನೆಯ ಹಿರಿಯರೊಬ್ಬರ ಚಿಕಿತ್ಸೆಗೆಂದು ಬೆಂಗಳೂರಿಗೆ ಹೋಗಿದ್ದೆವು. ಚಾಮರಾಜಪೇಟೆಯಲ್ಲಿ ಸಂಬಂಧಿಕರ ಮನೆಯಲ್ಲಿ ವಾಸ. ಹಿರಿಯರಿಗೆ ಸಕ್ಕರೆ ಕಾಯಿಲೆ ಇಪ್ಪತ್ತು ವರ್ಷದಿಂದ ಉಂಟು, ಈಗ ಕಿಡ್ನಿಯೂ ಸೋತಿದೆ. ವಿಷಯ ತಿಳಿದು ಬೆಂಗಳೂರಿನಲ್ಲಿ ವ್ಯಾಪಾರ ಮಾಡುವ ನಮ್ಮವರು ಒಬ್ಬೊಬ್ಬರಾಗಿ ನೋಡಲು ಬಂದರು. ಬರಿಗೈಯಲ್ಲಿ ಬರುವುದುಂಟೇ? ಒಬ್ಬರು ಬೊಂಡ ತಂದರು, ಇನ್ನೊಬ್ಬರು ಖರ್ಜೂರ, ಮತ್ತೊಬ್ಬರು ಬಾಳೆಹಣ್ಣು. "ದೇಹಕ್ಕೆ ತಂಪು" ಎಂದು ನಾವೇ ದಿನಕ್ಕೆ ಎರಡು ಬೊಂಡ ಕುಡಿಸಿದೆವು. ನಾಲ್ಕನೇ ದಿನ ರಕ್ತದ ರಿಪೋರ್ಟ್ ಬಂತು. ಪೊಟ್ಯಾಸಿಯಂ 6.2. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ, "ಏನು ಕುಡಿಸಿದಿರಿ?"

ಪೊಟ್ಯಾಸಿಯಂ 3.5ರಿಂದ 5ರ ಒಳಗೆ ಇರಬೇಕು. 6 ದಾಟಿದರೆ ಹೃದಯದ ಬಡಿತವೇ ತಪ್ಪುವ ಅಪಾಯ. ಒಂದು ಲೋಟ ಬೊಂಡದ ನೀರಿನಲ್ಲಿ ಸುಮಾರು 400ರಿಂದ 600 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಆರೋಗ್ಯವಂತರ ಕಿಡ್ನಿ ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಸೋತ ಕಿಡ್ನಿಗೆ ಅದು ಆಗುವುದಿಲ್ಲ. ಅಂದು ರಾತ್ರಿ ಆಸ್ಪತ್ರೆಯಲ್ಲಿ ಕಳೆದದ್ದು ನಮಗೆ ಮರೆಯದು. ಅಲ್ಲಾಹನ ಕೃಪೆಯಿಂದ ಹಿರಿಯರು ಚೇತರಿಸಿಕೊಂಡರು.

ಮಲ್ಲೇಶ್ವರದ ಕಾಲೇಜಿನಲ್ಲಿ ವಿಜ್ಞಾನ ಓದುವ ನಮ್ಮ ತಂಗಿಯ ಮಗ ಜೊತೆಯಲ್ಲಿದ್ದ. ಅವನು ಹೇಳಿದ ಒಂದು ಮಾತು ನಮ್ಮನ್ನು ಹಿಡಿದು ನಿಲ್ಲಿಸಿತು. "ಮಾವ, ದೇಹದ ಪೊಟ್ಯಾಸಿಯಂನಲ್ಲಿ ಶೇ. 98ರಷ್ಟು ಇರುವುದು ಜೀವಕೋಶಗಳ ಒಳಗೆ. ಈ ರಿಪೋರ್ಟ್ ತೋರಿಸುವುದು ಹೊರಗಿನ ಸ್ವಲ್ಪವನ್ನು ಮಾತ್ರ." ಹಾಗಾದರೆ ಒಳಗಿನದನ್ನು ಅಳೆಯುವುದು ಹೇಗೆ?

ಉಪ್ಪು ನೀರಿನಲ್ಲಿ ಕರಗಿದಾಗ ವಿದ್ಯುತ್ ಅಂಶ ಹೊತ್ತ ಸಣ್ಣ ಕಣಗಳಾಗಿ ಒಡೆಯುತ್ತದೆ. ಅವುಗಳಿಗೆ ಅಯಾನು ಎಂದು ಹೆಸರು. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕ್ಲೋರೈಡ್ ಎಲ್ಲ ಇದೇ ಗುಂಪು. ಸ್ನಾಯು ಅಲುಗುವುದು, ನರ ಸುದ್ದಿ ಒಯ್ಯುವುದು, ಹೃದಯ ಬಡಿಯುವುದು ಇವುಗಳ ಓಡಾಟದಿಂದ. ಲ್ಯಾಬಿನ ಯಂತ್ರ ರಕ್ತದಲ್ಲಿರುವುದನ್ನು ಎಲೆಕ್ಟ್ರೋಡ್ ಮೂಲಕ ಅಳೆಯುತ್ತದೆ. ಜೀವಂತ ಕೋಶದೊಳಗಿನ ಒಂದೊಂದು ಕೋಣೆಗೆ ಆ ಎಲೆಕ್ಟ್ರೋಡ್ ಹೋಗಲಾರದು. ಅಲ್ಲಿಗೆ ಹೋಗುವುದು ಬೆಳಕು.

ಅಂಗಡಿ ಇಟ್ಟವರಿಗೆ ಇದು ಬೇಗ ಅರ್ಥವಾಗುತ್ತದೆ. ನೋಟನ್ನು ನೀಲಿ ದೀಪದ ಕೆಳಗೆ ಹಿಡಿದರೆ ಅದರ ನಂಬರ್ ಹೊಳೆಯುತ್ತದೆ ಅಲ್ವಾ? ಒಂದು ಬಣ್ಣದ ಬೆಳಕನ್ನು ನುಂಗಿ ಇನ್ನೊಂದು ಬಣ್ಣದಲ್ಲಿ ಹೊರಗೆ ಬಿಡುವ ಈ ಗುಣಕ್ಕೆ ಪ್ರತಿದೀಪ್ತಿ ಎನ್ನುತ್ತಾರೆ. ಕೆಲವು ಬಣ್ಣಗಳು ಕ್ಯಾಲ್ಸಿಯಂ ಅಥವಾ ಕ್ಲೋರೈಡ್ ತಾಗಿದಾಗ ಹೆಚ್ಚು ಹೊಳೆಯುತ್ತವೆ, ಇಲ್ಲವೇ ಮಂಕಾಗುತ್ತವೆ. ಆದರೆ ಬಣ್ಣವನ್ನು ಬರಿದೇ ಕೋಶಕ್ಕೆ ಹಾಕಿದರೆ ಅದು ಪ್ರೊಟೀನುಗಳಿಗೆ ಅಂಟಿಕೊಂಡು ಸುಳ್ಳು ಲೆಕ್ಕ ಕೊಡಬಹುದು. ಅದಕ್ಕೆ 1990ರ ದಶಕದ ಕೊನೆಯಲ್ಲಿ ಅಮೇರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ರಾವುಲ್ ಕೋಪೆಲ್‌ಮನ್ ಮತ್ತು ಸಂಗಡಿಗರು ಬಣ್ಣವನ್ನು ಪುಟ್ಟ ಪ್ಲಾಸ್ಟಿಕ್‌ನಂಥ ಕಣದೊಳಗೆ ಇಟ್ಟರು. ಅಯಾನು ಒಳಗೆ ನುಸುಳುತ್ತದೆ, ದೊಡ್ಡ ಪ್ರೊಟೀನು ನುಸುಳುವುದಿಲ್ಲ. ನಮ್ಮ ಒಂದು ಕೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಈ ಕಣಗಳದ್ದು ಕೆಲವು ಹತ್ತರಿಂದ ಕೆಲವು ನೂರು ನ್ಯಾನೋಮೀಟರ್ ಮಾತ್ರ.

ಕಣದೊಳಗೆ ಎರಡು ಬಣ್ಣ ಇಡುವುದೂ ಉಂಟು. ಒಂದು ಅಯಾನಿಗೆ ತಕ್ಕಂತೆ ಬದಲಾಗುತ್ತದೆ, ಇನ್ನೊಂದು ಬದಲಾಗುವುದಿಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿ ತೂಕದ ಕಲ್ಲು, ಇನ್ನೊಂದರಲ್ಲಿ ಸಾಮಾನು ಇಟ್ಟ ಹಾಗೆ. ದೀಪ ಮಂಕಾದರೆ ಎರಡೂ ಮಂಕಾಗುತ್ತವೆ, ಆದ್ದರಿಂದ ಅಳತೆ ತಪ್ಪುವುದಿಲ್ಲ.

ಒಂದು ಸಂಜೆ ಹುಡುಗ ನಮ್ಮನ್ನು ಮಲ್ಲೇಶ್ವರ ದಾಟಿ, ಆಟೋದವರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ಗೇಟಿನವರೆಗೆ ಕರೆದುಕೊಂಡು ಹೋದ. ಯಮುನಾ ಕೃಷ್ಣನ್ ಎಂಬ ವಿಜ್ಞಾನಿ ಪಿಎಚ್‌ಡಿ ಮುಗಿಸಿದ್ದು ಇಲ್ಲೇ, 2002ರಲ್ಲಿ. ಅವರು ಹುಟ್ಟಿದ್ದು ಮಲಪ್ಪುರಂ ಜಿಲ್ಲೆಯ ಪರಪ್ಪನಂಗಾಡಿಯಲ್ಲಿ. ಮಂಗಳೂರಿನಿಂದ ಕಲ್ಲಿಕೋಟೆ ದಾಟಿ ಹೋಗುವ ರೈಲಿನಲ್ಲಿ ನಾವೆಲ್ಲ ನೋಡಿರುವ ಊರು. ಬೆಂಗಳೂರಿನ ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಅವರ ತಂಡ ಡಿಎನ್‌ಎ ಎಳೆಗಳನ್ನೇ ಹೆಣೆದು ನ್ಯಾನೋ ಸಾಧನ ಮಾಡಿತು. ಹುಳಿ, ಅಂದರೆ ಹೈಡ್ರೋಜನ್ ಅಯಾನು, ಹೆಚ್ಚಾದಾಗ ಎಳೆ ಮಡಚಿಕೊಳ್ಳುತ್ತದೆ. ಅದರ ಎರಡು ತುದಿಯ ಬಣ್ಣಗಳು ಹತ್ತಿರವಾಗಿ ಹೊಳಪು ಬದಲಾಗುತ್ತದೆ. ಜೀವಂತ ಕೋಶದೊಳಗೆ ಇದು ಕೆಲಸ ಮಾಡುವುದನ್ನು ಅವರು 2009ರಲ್ಲಿ ತೋರಿಸಿದರು. ಆಮೇಲೆ ಸಣ್ಣ ಹುಳುವಿನ ದೇಹದಲ್ಲೂ ತೋರಿಸಿದರು. 2013ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು. ಈಗ ಅವರು ಶಿಕಾಗೋದಲ್ಲಿದ್ದಾರೆ. ಕ್ಲೋರೈಡ್ ಮತ್ತು ಕ್ಯಾಲ್ಸಿಯಂ ಅಳೆಯುವ ಇಂಥ ಸಾಧನಗಳೂ ಬಂದಿವೆ.

ಆದರೆ ಒಂದು ಮಾತು ಸ್ಪಷ್ಟ ಇರಲಿ. ಇದು ಇನ್ನೂ ಸಂಶೋಧನೆಯ ಕೊಠಡಿಯ ಕೆಲಸ. ರೋಗ ಹೇಗೆ ಹುಟ್ಟುತ್ತದೆಂದು ಕೋಶದ ಒಳಗೆ ನೋಡಲು ವಿಜ್ಞಾನಿಗಳು ಬಳಸುತ್ತಾರೆ. ನಮ್ಮ ಊರಿನ ಲ್ಯಾಬಿನಲ್ಲಿ ಈ ಪರೀಕ್ಷೆ ಸಿಗುವುದಿಲ್ಲ. "ನ್ಯಾನೋ" ಎಂದು ಬರೆದು ವಾಟ್ಸಾಪ್‌ನಲ್ಲಿ ಮಾರುವ ಪುಡಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಇಂದು ನಮ್ಮ ಕೈಯಲ್ಲಿರುವುದು ಆ ಸಾದಾ ರಕ್ತದ ರಿಪೋರ್ಟ್. ಅದು ಎಲ್ಲವನ್ನೂ ಹೇಳದಿದ್ದರೂ ಜೀವ ಉಳಿಸುವಷ್ಟು ಹೇಳುತ್ತದೆ. ಓದುವುದು ನಮ್ಮ ಮೇಲೆ.

ಮನೆಯಲ್ಲಿ ಕಿಡ್ನಿ ರೋಗಿ ಇದ್ದರೆ ಪೊಟ್ಯಾಸಿಯಂ ಎಷ್ಟಿದೆ ಎಂದು ಡಾಕ್ಟರಲ್ಲಿ ಬಾಯಿ ಬಿಟ್ಟು ಕೇಳಿ. ಬೊಂಡ, ಬಾಳೆಹಣ್ಣು ಎಷ್ಟು ಆಗಬಹುದು, ಇಫ್ತಾರಿನ ಖರ್ಜೂರ ಎಷ್ಟು ಎಂದು ಕೇಳಿ. ಬಿಪಿಗೆ ಒಳ್ಳೆಯದೆಂದು ಮಾರುವ ಸೋಡಿಯಂ ಕಡಿಮೆಯ ಉಪ್ಪಿನಲ್ಲಿ ಹೆಚ್ಚಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಅದನ್ನೂ ಕೇಳದೆ ಬಳಸಬೇಡಿ. ಆರೋಗ್ಯ ಇದ್ದವರು ಹೆದರಬೇಕಾಗಿಲ್ಲ, ಅವರಿಗೆ ಬೊಂಡ ಒಳ್ಳೆಯದೇ.

ರೋಗಿಯನ್ನು ನೋಡಲು ಹೋಗುವುದು ಪುಣ್ಯದ ಕೆಲಸ. ಈಗ ನಮ್ಮ ಮನೆಗೆ ಫೋನ್ ಮಾಡಿ "ಏನು ತರಲಿ?" ಎಂದು ಕೇಳುವವರಿಗೆ ಹಿರಿಯರೇ ಉತ್ತರ ಕೊಡುತ್ತಾರೆ: "ನೀವು ಬನ್ನಿ, ಬೊಂಡ ಬೇಡ."